ಸುಬ್ಬಯ್ಯ ಆರಿಸಿದ ಮೂವತ್ತು ಇಂಚು

ಸುಬ್ಬಯ್ಯ ಸತ್ತು ಇಂದಿಗೆ ನಲವತ್ತೊಂದು ದಿನ. ಅವನ ಹುಲ್ಲು ಕತ್ತರಿಸುವ ಮಷಿನ್ ಕೊಪ್ಪದ ನಮ್ಮ ಮನೆಯ ಶೆಡ್ಡಿನಲ್ಲಿದೆ. ಅದನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಅವನ ಹೆಂಡತಿ ಸೀತಕ್ಕ ಒಪ್ಪಲಿಲ್ಲ. ಮೂವತ್ತು ಇಂಚು ಅಗಲ, ತೊಂಬತ್ತು ಕೆಜಿ ತೂಕ. ಲೆಕ್ಕ ಹಾಕಿ ಇದೇ ಸರಿ ಎಂದು ಹೇಳಿದವನು ನಾನು.

ಸುಬ್ಬಯ್ಯ ಹಿರೇಕೊಡಿಗೆಯವನು. ಇಪ್ಪತ್ತು ವರ್ಷ ಕೊನೆಗಾರನಾಗಿದ್ದ. ಅಡಿಕೆ ಮರ ಹತ್ತಿ, ಕೊನೆ ಕೊಯ್ದು, ಅಲ್ಲಿಂದಲೇ ಪಕ್ಕದ ಮರವನ್ನು ಎಳೆದುಕೊಂಡು, ನೆಲಕ್ಕೆ ಇಳಿಯದೆ ಹತ್ತು ಮರ ದಾಟುತ್ತಿದ್ದ. ಕಾಲೇಜಿನ ರಜೆಯಲ್ಲಿ ನಾನು ಅವನಿಗೆ ಕೆಳಗಿನಿಂದ ಹಗ್ಗ ಹಿಡಿಯುತ್ತಿದ್ದೆ. ಅವನು ಬಿಟ್ಟ ಅಡಿಕೆ ಗೊಂಚಲು ಹಗ್ಗದ ಮೇಲೆ ಜಾರಿ ನನ್ನ ಕೈಗೆ ಬರಬೇಕು. ಹಗ್ಗ ಸಡಿಲವಾದರೆ ಕಾಯೆಲ್ಲ ಚೆಲ್ಲಾಪಿಲ್ಲಿ.

"ಇವ ಮೇಷ್ಟ್ರಾಗ್ತಾನಂತೆ! ಹಗ್ಗ ಹಿಡಿಯಕ್ಕೆ ಬರಲ್ಲ, ಹುಡುಗ್ರನ್ನ ಹೆಂಗೆ ಹಿಡೀತಾನೆ?" ಎಂದು ಮೇಲಿನಿಂದ ಕೂಗುತ್ತಿದ್ದ.

ನಾನು ಮೇಷ್ಟ್ರಾದೆ. ಅವನು ಮರದಲ್ಲೇ ಉಳಿದ. ಎರಡು ಸಾವಿರದ ಆರನೇ ಇಸವಿಯ ಕೊಯ್ಲಿನಲ್ಲಿ ಒಂದು ದಿನ ಮರದ ತುದಿಯಲ್ಲಿ ಅವನಿಗೆ ಉಸಿರು ಸಿಕ್ಕಲಿಲ್ಲ. ಅರ್ಧ ಗಂಟೆ ಮರ ತಬ್ಬಿಕೊಂಡು ಕೂತಿದ್ದು ಆಮೇಲೆ ಇಳಿದನಂತೆ. ಮಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಹೃದಯದ ಒಂದು ಕವಾಟ ಕೆಟ್ಟಿದೆ, ಹೃದಯವೂ ಸೋತಿದೆ, ಆಪರೇಷನ್ ತಡೆದುಕೊಳ್ಳುವ ಶಕ್ತಿ ಅದಕ್ಕಿಲ್ಲ ಎಂದರು. ಮರ ಹತ್ತಬಾರದು. ಹತ್ತು ಕೆಜಿಗಿಂತ ಹೆಚ್ಚು ಎತ್ತಬಾರದು. ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ನಡೆಯಬಹುದು. ಉಸಿರು ಕಟ್ಟಿದರೆ ಕೂತುಬಿಡಬೇಕು.

ವಾಪಸ್ಸು ಬರುವಾಗ ಬಸ್ಸು ಆಗುಂಬೆ ದಾಟಿತು. ಆಮೇಲೆ ಅವನು ಹೇಳಿದ: "ಮನೇಲಿ ಮಂಡಿ ನೋವು ಅಂತೀನಿ. ಮಂಡಿ ಸವೆದಿದೆ, ಮರ ಹತ್ತಬಾರ್ದು ಅಂದ್ರು ಅಂತ. ನೀನೂ ಹಂಗೇ ಅನ್ನು."

"ಸೀತಕ್ಕನಿಗಾದ್ರೂ ಹೇಳು ಮಾರಾಯ."

"ಹೇಳಿದ್ರೆ ಅವಳು ರಾತ್ರಿ ಎಲ್ಲಾ ನನ್ನ ಮೂಗಿನ ಹತ್ರ ಕೈ ಹಿಡ್ಕಂಡು ಕೂರ್ತಾಳೆ. ಊರಿಗೆ ಗೊತ್ತಾದ್ರೆ ಒಬ್ಬನೂ ಕೆಲ್ಸಕ್ಕೆ ಕರೆಯಲ್ಲ. ಮಂಡಿ ನೋವಿನವನ್ನ ಕರೀತಾರೆ, ಎದೆ ಹೋದವನ್ನ ಕರೆಯಲ್ಲ."

ನಾನು ಮಾತು ಕೊಟ್ಟೆ.

ಆಗ ನಮ್ಮ ಕಡೆ ಹೋಂಸ್ಟೇಗಳು ಶುರುವಾಗಿದ್ದವು. ಬರುವವರಿಗೆ ಕೂರಲು, ಮಕ್ಕಳಿಗೆ ಆಡಲು ಮನೆಯ ಮುಂದೆ ಹುಲ್ಲುಹಾಸು ಬೇಕು. ಅದನ್ನು ಕತ್ತಿಯಲ್ಲಿ ಸವರುವ ಆಳುಗಳು ಸಿಕ್ಕುತ್ತಿರಲಿಲ್ಲ. ಇದು ಸುಬ್ಬಯ್ಯನ ಕಣ್ಣಿಗೆ ಬಿತ್ತು. "ಡಾಕ್ಟ್ರು ಮರ ಬೇಡ ಅಂದ್ರು. ನೆಲ ಬೇಡ ಅಂದಿಲ್ವಲ್ಲ" ಎಂದ. ಮೂರು ಕಡೆ ಮಾತಾಡಿಕೊಂಡು ಬಂದ. ಕೊಪ್ಪದಲ್ಲಿ ಒಂದು ಕಾಫಿ ಎಸ್ಟೇಟಿನ ಬಂಗಲೆ, ನರಸಿಂಹರಾಜಪುರದ ಹಿನ್ನೀರಿನ ಪಕ್ಕ ಒಂದು ರೆಸಾರ್ಟ್, ಶೃಂಗೇರಿ ಹತ್ತಿರ ಮೆಣಸೆಯಲ್ಲಿ ಸಚ್ಚಿದಾನಂದ ಭಟ್ಟರ ಹೋಂಸ್ಟೇ. ಹದಿನೈದು ದಿನಕ್ಕೊಮ್ಮೆ ಒಂದೊಂದು ಕಡೆ ಹೋಗಿ ಒಂದೇ ದಿನದಲ್ಲಿ ಮುಗಿಸಿ ಬರಬೇಕು.

ಮಷಿನ್ ಇದ್ದದ್ದು ಕಲ್ಲೇಶಪ್ಪನವರ ಅಂಗಡಿಯಲ್ಲಿ. ಪಂಪ್‌ಸೆಟ್, ಸ್ಪ್ರೇಯರ್‌ಗಳ ನಡುವೆ ಮೂರು ನಿಂತಿದ್ದವು: ಹದಿನೆಂಟು ಇಂಚಿನದು, ಇಪ್ಪತ್ತೊಂದು ಇಂಚಿನದು, ಮೂವತ್ತು ಇಂಚಿನದು. ಚಿಕ್ಕವೆರಡನ್ನು ನಾವೇ ತಳ್ಳಬೇಕು. ದೊಡ್ಡದು ತಾನಾಗಿ ಮುಂದೆ ಹೋಗುತ್ತದೆ, ಹಿಂದೆ ನಡೆದರೆ ಸಾಕು. ಹಿಡಿಯ ಮೇಲಿನ ಸರಳು ಒತ್ತಿ ಹಿಡಿದಿರುವವರೆಗೆ ಎಂಜಿನ್ ಓಡುತ್ತದೆ, ಬಿಟ್ಟ ಕೂಡಲೇ ನಿಲ್ಲುತ್ತದೆ. ನಾವು ಮೂರು ಸಲ ಹೋಗಿ ನೋಡಿದೆವು.

"ಹೆಣ್ಣು ನೋಡಿದಂಗೆ ನೋಡ್ತೀರಲ್ರೀ ಸುಬ್ಬಯ್ಯ" ಎಂದರು ಕಲ್ಲೇಶಪ್ಪ.

"ಹೆಣ್ಣು ನೋಡಕ್ಕೆ ಒಂದೇ ಸಲ ಹೋಗಿದ್ದು ಕಲ್ಲೇಶಪ್ಪೋರೆ. ಅವತ್ತು ಇವನ್ನ ಕರ್ಕಂಡು ಹೋಗಿರಲಿಲ್ಲ, ಅದಕ್ಕೇ ಬೇಗ ಮುಗೀತು."

ಅಳತೆಯನ್ನು ಅವನೇ ತಂದಿದ್ದ, ಹೆಜ್ಜೆಯಲ್ಲಿ. ಅತಿ ದೊಡ್ಡದು ಮೆಣಸೆಯ ಹುಲ್ಲು: ಅರವತ್ತು ಹೆಜ್ಜೆ ಉದ್ದ, ನಲವತ್ತು ಹೆಜ್ಜೆ ಅಗಲ. ಒಂದು ಹೆಜ್ಜೆಗೆ ಎರಡೂವರೆ ಅಡಿ. ಅಂಗಡಿಯ ಸ್ಟೂಲಿನ ಮೇಲೆ ಕೂತು ನಾನು ಕಾಗದದಲ್ಲಿ ಲೆಕ್ಕ ಹಾಕಿದೆ. ನಡುವೆ ಹುಲ್ಲು ಉಳಿಯದಂತೆ ಸಾಲು ಒಂದರ ಮೇಲೊಂದು ಮೂರು ಇಂಚು ಹಾಯಬೇಕು. ಹದಿನೆಂಟು ಇಂಚಿನದಕ್ಕೆ ಎಂಬತ್ತು ಸಾಲು, ನಾಲ್ಕು ಸಾವಿರದ ಎಂಟುನೂರು ಹೆಜ್ಜೆ. ಇಪ್ಪತ್ತೊಂದರದಕ್ಕೆ ನಾಲ್ಕು ಸಾವಿರದ ಮೇಲೆ. ಮೂವತ್ತರದಕ್ಕೆ ಎರಡು ಸಾವಿರದ ಏಳುನೂರು. ಅದರಲ್ಲೂ ತಳ್ಳುವುದಿಲ್ಲ, ಬರೀ ನಡೆಯುವುದು. ಸಮತಟ್ಟಿನಲ್ಲಿ ನಿಧಾನ ನಡೆಯಬಹುದು ಎಂದು ಡಾಕ್ಟರೇ ಹೇಳಿದ್ದರು. ಕೊನೆಯ ಅಂಕಿಯ ಸುತ್ತ ಒಂದು ಸುತ್ತು ಎಳೆದು ಕಾಗದವನ್ನು ಅವನಿಗೆ ಕೊಟ್ಟೆ.

"ತೂಕ ಜಾಸ್ತಿ ಅಲ್ವನಾ?" ಎಂದ.

"ನೀನು ಎತ್ತೋದು ಎಲ್ಲಿ? ಗೂಡ್ಸ್ ಆಟೋದಿಂದ ಹಲಗೆ ಹಾಕಿ ಇಳಿಸ್ತಾರೆ" ಎಂದೆ.

ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡ.

ಮೊದಲ ವರ್ಷ ಪರವಾಗಿರಲಿಲ್ಲ. "ನಾನು ಹಿಂದೆ ಹೋಗ್ತೀನಿ ಅಷ್ಟೆ. ಉಳೋ ಎತ್ತಿನ ಹಿಂದೆ ಹೋದಂಗೆ" ಎನ್ನುತ್ತಿದ್ದ. ಕೊಪ್ಪದ ಬಂಗಲೆಯಲ್ಲಿ ಅವನು ಕೆಲಸ ಮಾಡುವುದನ್ನು ಎರಡು ಸಲ ನೋಡಿದ್ದೆ. ಹುಲ್ಲಿನಲ್ಲಿ ನೇರ ಪಟ್ಟೆಗಳು ಮೂಡುತ್ತಿದ್ದವು. ಮೆಣಸೆಗೆ ನಾನು ಹೋಗಲೇ ಇಲ್ಲ.

ಈ ವರ್ಷ ಮಳೆಗಾಲದ ಹೊತ್ತಿಗೆ ಅವನ ಪಾದ ಊದತೊಡಗಿತು. ಎರಡು ದಿಂಬು ಇಲ್ಲದೆ ಮಲಗಲಾರ. ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಗೆ ಬರುವ ಏರಿನಲ್ಲಿ ಮೂರು ಕಡೆ ನಿಂತು, ಯಾರಾದರೂ ನೋಡಿದರೆ ಬೀಡಿ ಹಚ್ಚುವವನಂತೆ ಜೇಬು ತಡಕುತ್ತಿದ್ದ. ಬೀಡಿ ಬಿಟ್ಟು ಎರಡು ವರ್ಷವಾಗಿತ್ತು. ನಾನು ಗೋಗರೆದೆ, ಬೈದೆ, ಸೀತಕ್ಕನಿಗೆ ಹೇಳಿಬಿಡುತ್ತೇನೆ ಎಂದೆ.

"ಹೇಳು. ನಾಳೆಯಿಂದ ಜಗುಲೀಲಿ ಕೂರಿಸ್ತಾಳೆ. ಕೂತ್ಕಂಡು ಎಂತ ಮಾಡ್ಲಿ? ಉಸಿರು ಎಣಿಸ್ಲಾ?" ಎಂದ. ಆಮೇಲೆ ತಣ್ಣಗೆ, "ಒಂದು ಕೆಲ್ಸ ಅಂತ ಇದ್ರೆ ಮಾರಾಯ, ಅರ್ಧ ದಿನ ಅದು ನೆನಪಾಗಲ್ಲ" ಎಂದ.

ನಾನು ಹೇಳಲಿಲ್ಲ. ಸೋತೆನೋ, ಹೆದರಿದೆನೋ, ಈಗಲೂ ತಿಳಿಯದು.

ಅಕ್ಟೋಬರ್ ಏಳರ ಬೆಳಿಗ್ಗೆ ಹನ್ನೊಂದಕ್ಕೆ ಸಚ್ಚಿದಾನಂದ ಭಟ್ಟರು ನನಗೆ ಫೋನ್ ಮಾಡಿದರು. ನಾನು ತಲುಪುವಷ್ಟರಲ್ಲಿ ಅವನನ್ನು ಅವರ ಜಗುಲಿಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಮೇಲೊಂದು ಬಿಳಿ ಪಂಚೆ ಹೊದಿಸಿದ್ದರು. ಅಂಗಿಯ ತೋಳಿಗೆ ಹಸಿರು ಹುಲ್ಲು ಅಂಟಿತ್ತು.

"ಶಬ್ದ ನಿಂತಿದ್ದು ಕೇಳ್ತು ಮೇಷ್ಟ್ರೇ. ಸುಸ್ತಾಗಿ ಕೂತ ಅಂದ್ಕಂಡೆ. ಐತನ ಹತ್ರ ಮಜ್ಜಿಗೆ ಕೊಟ್ಟು ಕಳಿಸ್ದೆ" ಎಂದರು ಭಟ್ಟರು. ಐತ ಅವರ ಮನೆಯ ಕೆಲಸದವನು. ಮಜ್ಜಿಗೆಯ ಲೋಟ ಹಿಡಿದುಕೊಂಡೇ ಓಡಿ ವಾಪಸ್ಸು ಬಂದನಂತೆ.

ನಾನು ಹುಲ್ಲು ನೋಡಲು ಹೋದೆ. ಅರವತ್ತು ಹೆಜ್ಜೆ ಉದ್ದ, ನಲವತ್ತು ಹೆಜ್ಜೆ ಅಗಲ, ಅಳತೆ ಸರಿಯಾಗಿಯೇ ಇತ್ತು. ಆದರೆ ಅದು ಒಂದು ನೆಲವಾಗಿರಲಿಲ್ಲ. ಮೆಟ್ಟಿಲಿನಂತೆ ಒಂದರ ಕೆಳಗೊಂದು ನಾಲ್ಕು ತಟ್ಟು. ಒಂದೊಂದರ ನಡುವೆ ಮಂಡಿಯೆತ್ತರದ ಬದು.

"ಹಳೇ ಗದ್ದೆ ಅಲ್ವಾ, ಬದು ತೆಗೀದೆ ಹಂಗೇ ಹುಲ್ಲು ಹಾಕ್ಸಿದ್ದು. ಬಂದವ್ರಿಗೆ ಚಂದ ಕಾಣ್ತದೆ" ಎಂದರು ಭಟ್ಟರು.

ಮಲೆನಾಡಿನಲ್ಲಿ ಹುಟ್ಟಿ, ಗದ್ದೆಯ ಅಂಚಿನಲ್ಲೇ ನಡೆದು ಶಾಲೆಗೆ ಹೋದವನು ನಾನು. ನೂರು ಅಡಿ ಅಗಲದ ಸಮತಟ್ಟು ಈ ಕಡೆ ಎಲ್ಲಿದೆ ಎಂದು ನನಗೆ ಹೊಳೆಯಬೇಕಿತ್ತು. ಉದ್ದ ಕೇಳಿದೆ, ಅಗಲ ಕೇಳಿದೆ. ಎಷ್ಟು ತಟ್ಟು ಎಂದು ಕೇಳಲಿಲ್ಲ.

ಬದು ಹತ್ತಿಸಿ ಇಳಿಸಲು ಅವನ ಬಳಿ ಎರಡು ಹಲಗೆಗಳಿದ್ದವು. ಮೂರನೆಯ ಬದುವಿನಲ್ಲಿ ಒಂದು ಹಲಗೆ ಇಬ್ಬನಿಗೆ ಜಾರಿ ಪಕ್ಕಕ್ಕೆ ಬಿದ್ದಿತ್ತು. ಕೈ ಬಿಟ್ಟಿದ್ದರೆ ಮಷಿನ್ ಉರುಳಿ ಒಂದು ಚಕ್ರ ಮುರಿಯುತ್ತಿತ್ತು, ಅಷ್ಟೆ. ಅದು ಕೆಳಗಿನ ತಟ್ಟಿನಲ್ಲಿ ಗೀಚೂ ಬೀಳದೆ ನೆಟ್ಟಗೆ ನಿಂತಿತ್ತು. ತೊಂಬತ್ತು ಕೆಜಿ ಭಾರವನ್ನು ಒಬ್ಬನೇ ತಡೆದು, ಇಳಿಸಿ ನಿಲ್ಲಿಸಿ ಆಮೇಲೆ ಕೈ ಬಿಟ್ಟಿದ್ದಾನೆ.

"ಐತನ್ನ ಕರಿಯೋ ಅಂತ ಪ್ರತಿ ಸಲ ಹೇಳ್ತಿದ್ದೆ" ಎಂದರು ಭಟ್ಟರು. "'ಕೊನೆಗಾರ ತನ್ನ ಸಾಮಾನು ಇನ್ನೊಬ್ಬರ ಕೈಗೆ ಕೊಡಲ್ಲ ಭಟ್ರೇ' ಅಂತಿದ್ದ. ಮಂಡಿ ನೋವಿನವ, ಎಂತಕ್ಕೆ ಬೇಕಿತ್ತು?"

ಬಿದ್ದಿದ್ದ ಹಲಗೆಯನ್ನು ಎತ್ತಿ ಇನ್ನೊಂದರ ಪಕ್ಕಕ್ಕಿಟ್ಟೆ.

ಹದಿಮೂರನೆಯ ದಿನ ಹಿರೇಕೊಡಿಗೆಗೆ ಹೋಗಿದ್ದೆ. ಊಟ ಮುಗಿದು ನೆಂಟರೆಲ್ಲ ಎದ್ದ ಮೇಲೆ ಸೀತಕ್ಕ ಒಂದು ಮಡಚಿದ ಕಾಗದ ತಂದು ಕೊಟ್ಟರು. ಅವನ ಅಂಗಿಯ ಜೇಬಿನಲ್ಲಿತ್ತಂತೆ. ಮಡಿಕೆಗಳಲ್ಲಿ ಹರಿದು ಹೋಗಿತ್ತು.

"ಇದು ನಿಮ್ಮ ಅಕ್ಷರ ಅಲ್ವಾ ಮೇಷ್ಟ್ರೇ?"

ನನ್ನದೇ. ಹೆಜ್ಜೆಗಳ ಲೆಕ್ಕ, ಎರಡು ಸಾವಿರದ ಏಳುನೂರರ ಸುತ್ತ ನಾನೆಳೆದ ಸುತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ ನಾಲ್ಕು ಚೌಕ, ಒಂದರ ಕೆಳಗೊಂದು. ಪಕ್ಕದಲ್ಲಿ ಅವನ ಕೈಬರಹ: "ಮೆಣಸೆ. ಇಳಿಸದು 3, ಹತ್ತಿಸದು 3."

ಅವನಿಗೆ ಮೊದಲೇ ಗೊತ್ತಿತ್ತು. ನನಗೆ ಹೇಳಲಿಲ್ಲ, ಹೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆ. ಚಿಕ್ಕ ಮಷಿನ್ ತಂದಿದ್ದರೆ ಎಂಬತ್ತು ಸಾಲು ತಳ್ಳಬೇಕಿತ್ತು, ಸಾಲಿಗೊಮ್ಮೆ ಕೂರಬೇಕಿತ್ತು, ಕೂತದ್ದನ್ನು ಎಲ್ಲರೂ ನೋಡುತ್ತಿದ್ದರು. ದೊಡ್ಡದರಲ್ಲಿ ಕಷ್ಟ ಆರೇ ಸಲ. ಆ ಆರನ್ನು ಯಾರೂ ನೋಡದ ಹಾಗೆ ಮುಗಿಸಬಹುದು ಎಂದುಕೊಂಡ. ಅವನು ಮಷಿನ್ ಆರಿಸಿದ್ದು ಎದೆಗೆ ಹಗುರ ಎಂದಲ್ಲ, ಮುಚ್ಚಿಡಲು ಸುಲಭ ಎಂದು. ಮುಚ್ಚಿಡಲು ಮಾತು ಕೊಟ್ಟವನು ನಾನು.

"ಈ ಚೌಕ ಎಂತ ಮೇಷ್ಟ್ರೇ?" ಎಂದರು ಸೀತಕ್ಕ.

ಇನ್ನು ಯಾರಿಗಾಗಿ ಸುಳ್ಳು ಹೇಳಲಿ? ಹೇಳಿದೆ. ಮಂಗಳೂರಿನ ಡಾಕ್ಟರು ಹೇಳಿದ್ದು, ಬಸ್ಸಿನಲ್ಲಿ ಅವನು ಹೇಳಿದ್ದು, ನಾನು ಒಪ್ಪಿದ್ದು, ಎಲ್ಲ. ಅವರು ಅಳಲಿಲ್ಲ, ನನ್ನನ್ನು ಬೈಯಲಿಲ್ಲ. ತಮ್ಮ ಬಲಗೈಯನ್ನು ಅಂಗೈ ಮೇಲೆ ಮಾಡಿ ನೋಡಿಕೊಂಡರು.

"ಹಂಗಾರೆ ಎರಡು ವರ್ಷ ನಾನು ದಿನಾ ಅವರ ಮಂಡಿಗೆ ಎಣ್ಣೆ ಕಾಯ್ಸಿ ತಿಕ್ಕಿದ್ದು ಎಂತಕ್ಕೆ ಮೇಷ್ಟ್ರೇ?" ಎಂದರು. "ಕಮ್ಮಿ ಆಯ್ತಾ ಅಂತ ಕೇಳಿದ್ರೆ, ಹೂಂ ಅಂತಿದ್ರು."