ದೊರೆಸ್ವಾಮಿಯವರು ಕೇಳಿದ ಒಂದು ‘ಇಲ್ಲ’

ಕೆಲಸದ ವಿಷಯಕ್ಕೆ ಫೋನ್ ಬಂದರೆ ದೊರೆಸ್ವಾಮಿಯವರು ಎದ್ದು ನಿಂತು ಮಾತಾಡುತ್ತಿದ್ದರು. ಊಟಕ್ಕೆ ಕೂತಿದ್ದರೆ ಎಡಗೈಯಲ್ಲಿ ಫೋನ್ ಹಿಡಿದು ಏಳುತ್ತಿದ್ದರು. ಬನಿಯನ್ನಿನಲ್ಲಿದ್ದರೆ ಗೂಟದ ಮೇಲಿನ ಅಂಗಿಯನ್ನು ಹೆಗಲಿಗಾದರೂ ಹಾಕಿಕೊಳ್ಳುತ್ತಿದ್ದರು. ಇದನ್ನು ನನಗೆ ಹೇಳಿದವರು ಅವರ ಹೆಂಡತಿ ಸೆಲ್ವಿ, ಅದೂ ತೀರಾ ಕೊನೆಗೆ. ಅಷ್ಟು ತಿಂಗಳೂ ನಾನು ಈ ಕಡೆ ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಮಂಡಕ್ಕಿ ಮೆಲ್ಲುತ್ತ, ಅವರಿಗೆ ಸುಳ್ಳು ಹೇಳುತ್ತಿದ್ದೆ.

ನನ್ನ ಕೆಲಸವೇ ಅದಾಗಿತ್ತು. ಶಿವಮೊಗ್ಗದ ವಿನೋಬನಗರದಲ್ಲಿ, ಹಲ್ಲಿನ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ನಮ್ಮದೊಂದು ಕನ್ಸಲ್ಟೆನ್ಸಿ. ಕಂಪನಿಗಳಿಗೆ ಜನ ಹುಡುಕಿಕೊಡುವ ಅಂಗಡಿ ಅನ್ನಿ. ಪ್ರಕಾಶ್ ಸರ್ ಮಾಲೀಕರು. ಕವಿತಾ, ನಸ್ರೀನ್ ಮತ್ತು ನಾನು ಫೋನ್ ಮಾಡುವವರು. ಎಲ್ಲಿಂದಲೋ ಬಂದ ಪಟ್ಟಿ ಹಿಡಿದು ಬೆಳಗಿನಿಂದ ಸಂಜೆಯವರೆಗೆ ಕರೆ ಮಾಡಬೇಕು. ಕೆಲಸ ಇದ್ದರೂ ಮಾಡಬೇಕು, ಇಲ್ಲದಿದ್ದರೂ ಮಾಡಬೇಕು. ಇಲ್ಲದಿದ್ದಾಗ ಯಾಕೆ ಎಂದು ನಾನು ಸೇರಿದ ಹೊಸತರಲ್ಲಿ ಕೇಳಿದ್ದೆ. “ನಾಳೆ ಯಾವುದಾದ್ರೂ ಕಂಪನಿಗೆ ಹೋಗಿ ‘ನನ್ ಕೈಯಲ್ಲಿ ಇಷ್ಟು ಜನ ಇದಾರೆ’ ಅಂತ ತೋರಿಸ್ಬೇಕಲ್ಲ ಮಾರಾಯ್ತಿ” ಎಂದು ಪ್ರಕಾಶ್ ಸರ್ ನಕ್ಕಿದ್ದರು. ಆಫೀಸಿನ ನಂಬರನ್ನು ಜನ ಬ್ಲಾಕ್ ಮಾಡತೊಡಗಿದ ಮೇಲೆ ನಮ್ಮ ಸ್ವಂತ ಫೋನುಗಳಿಂದಲೇ ಕರೆ ಮಾಡಿಸಿದರು. ಕಂಪನಿಯ ಹೆಸರು ಹೇಳುವಂತಿಲ್ಲ, ಹೇಳಿದರೆ ಅಭ್ಯರ್ಥಿ ನೇರ ಅಲ್ಲಿಗೇ ಹೋಗಿಬಿಟ್ಟಾನು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿತ್ತು. ಯಾರಿಗೂ, ಯಾವ ಕಾರಣಕ್ಕೂ, ‘ಇಲ್ಲ’ ಎನ್ನಬಾರದು. ‘ಪ್ರೊಸೆಸ್‌ನಲ್ಲಿದೆ’ ಎನ್ನಬೇಕು. ಇಲ್ಲ ಅನ್ನಿಸಿಕೊಂಡವನು ಬೇರೆ ದಾರಿ ನೋಡಿಕೊಳ್ಳುತ್ತಾನೆ, ಪ್ರೊಸೆಸ್‌ನಲ್ಲಿರುವವನು ನಮ್ಮ ಪಟ್ಟಿಯಲ್ಲೇ ಉಳಿಯುತ್ತಾನೆ. ಆಗ ನನಗೆ ಇದರಲ್ಲಿ ಅಂಥ ತಪ್ಪೇನೂ ಕಂಡಿರಲಿಲ್ಲ.

ದೊರೆಸ್ವಾಮಿಯವರಿಗೆ ಮೊದಲ ಸಲ ಫೋನ್ ಮಾಡಿದಾಗ ಎಂದಿನ ಪಾಠ ಒಪ್ಪಿಸಿದೆ. “ಸರ್, ಒಂದು ಪ್ರತಿಷ್ಠಿತ ಕಂಪನೀಲಿ ಅರ್ಜೆಂಟ್ ಓಪನಿಂಗ್ ಇದೆ ಸರ್, ಮೆಂಟೆನೆನ್ಸ್ ಫಿಟ್ಟರ್‌ದು. ನಿಮ್ಮ ಪ್ರೊಫೈಲ್ ಸೆಲೆಕ್ಟ್ ಆಗಿದೆ ಸರ್.”

“ಯಾರಮ್ಮ ಸೆಲೆಕ್ಟ್ ಮಾಡಿದ್ದು?”

ಫೋನಿನಲ್ಲಿ ಓದಿ ಹೇಳಲು ನಮಗೆ ಕೊಟ್ಟಿದ್ದ ಹಾಳೆಯಲ್ಲಿ ಇದಕ್ಕೆ ಉತ್ತರ ಬರೆದಿರಲಿಲ್ಲ. “ಟೀಮ್ ಸರ್” ಅಂದೆ.

“ಎಲ್ಲಿದೆ ಫ್ಯಾಕ್ಟರಿ?”

“ಮಾಚೇನಹಳ್ಳಿ ಕಡೆ ಸರ್.”

“ಹೌದಾ! ಹಾಗಾದ್ರೆ ಭದ್ರಾವತಿಯಿಂದ ಬಸ್ಸಲ್ಲೇ ಹೋಗ್ಬರಬಹುದು. ಗೇಟು ಮೇನ್ ರೋಡಿಗೇ ಇದೆಯಾ, ಒಳಗೆ ನಡೀಬೇಕಾ? ನೀನು ನೋಡಿದೀಯಾ?”

“ನೋಡಿದೀನಿ ಸರ್. ರೋಡಿಗೇ ಇದೆ” ಅಂದೆ. ನೋಡುವ ಮಾತು ಹಾಗಿರಲಿ, ಅದು ಯಾವ ಕಂಪನಿ ಎನ್ನುವುದೂ ನನಗೆ ಗೊತ್ತಿರಲಿಲ್ಲ.

“ಅಷ್ಟೊಂದು ಸರ್ ಅನ್ಬೇಡಮ್ಮ. ಮೂವತ್ತು ವರ್ಷ ದುಡಿದಿದೀನಿ, ಕೆಲಸ ಕೊಟ್ಟೋರು ಯಾರೂ ನನ್ನ ಸರ್ ಅಂದಿಲ್ಲ. ಕೊಡೋಕೆ ಕೆಲಸ ಇಲ್ದೆ ಇರೋರೇ ಅನ್ನೋದು.”

ಫೋನ್ ಇಟ್ಟ ಮೇಲೆ ನಾನೂ ನಸ್ರೀನಳೂ ಬಿದ್ದು ಬಿದ್ದು ನಕ್ಕೆವು. ಅದೇ ವಾರ ನಸ್ರೀನಳೂ ಕವಿತಾಳೂ ಪಟ್ಟಿಯ ಹೆಸರು ನೋಡಿಕೊಳ್ಳದೆ ಅದೇ ಕೆಲಸಕ್ಕೆ ಅವರಿಗೇ ಫೋನ್ ಮಾಡಿದರು. ಕವಿತಾ ಮಾಡಿದಾಗ ಅವರು ತಣ್ಣಗೆ ಕೇಳಿದರಂತೆ, “ನಿನ್ನ ಪಕ್ಕದಲ್ಲಿ ಕೆಮ್ತಾ ಇದಾಳಲ್ಲ, ಅವಳೂ ನನಗೆ ಇದನ್ನೇ ಹೇಳಿದ್ಲು. ಒಂದು ಕೆಲಸಕ್ಕೆ ನಿಮಗೆ ಮೂರು ದೊರೆಸ್ವಾಮಿ ಬೇಕಾ?” ಕೆಮ್ಮುತ್ತಿದ್ದವಳು ನಾನು.

ಸೋಮವಾರ ಹನ್ನೊಂದಕ್ಕೆ ಹೇಳುತ್ತೇನೆ ಎಂದಿದ್ದೆ. ಅದು ನಾವು ಎಲ್ಲರಿಗೂ ಹೇಳುವ ಮಾತು, ಯಾರೂ ನಂಬುವುದಿಲ್ಲ. ಸೋಮವಾರ ಸರಿಯಾಗಿ ಹನ್ನೊಂದಕ್ಕೆ ಅವರ ಫೋನ್ ಬಂತು. “ಹನ್ನೊಂದಾಯ್ತಮ್ಮ” ಎಂದರು, ಬೇರೇನೂ ಇಲ್ಲ. ಪ್ರೊಸೆಸ್‌ನಲ್ಲಿದೆ ಎಂದೆ. ಮುಂದಿನ ಸೋಮವಾರವೂ ಹನ್ನೊಂದಾಯಿತು. ದುಡಿಮೆಯುದ್ದಕ್ಕೂ ಸೈರನ್ನಿಗೆ ಎದ್ದು ಸೈರನ್ನಿಗೆ ಮಲಗಿದ ಮನುಷ್ಯ, ಗಂಟೆ ಹೇಳಿದ ಮೇಲೆ ಅದು ಗಂಟೆಯೇ ಎಂದು ತಿಳಿದಿದ್ದರು.

ಒಂದು ದಿನ ಖುದ್ದು ಬಂದೇಬಿಟ್ಟರು. ಇಸ್ತ್ರಿ ಮಾಡಿದ ನೀಲಿ ಅಂಗಿ, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು, ಹೆಗಲಲ್ಲಿ ಭಾರದ ಖಾಕಿ ಚೀಲ. ಐವತ್ತು ದಾಟಿದ ಕುಳ್ಳಗಿನ ಆಳು. ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಪ್ರಕಾಶ್ ಸರ್ ಒಳಗೆ ಫೋನಿನಲ್ಲಿದ್ದರು, ಅಂದರೆ ಫೋನಿನಲ್ಲಿರುವಂತೆ ಕೂತಿದ್ದರು. ಕಾಯುತ್ತ ನಿಂತ ದೊರೆಸ್ವಾಮಿಯವರ ಕಣ್ಣು ನಮ್ಮ ರೋಲಿಂಗ್ ಶಟರಿನ ಮೇಲೆ ಬಿತ್ತು. ಅದು ಆರು ತಿಂಗಳಿಂದ ಅರ್ಧಕ್ಕೇ ಕಚ್ಚಿಕೊಂಡಿತ್ತು, ನಾವು ದಿನಾ ಬಗ್ಗಿ ಒಳಗೆ ಬರುತ್ತಿದ್ದೆವು. ಅವರು ಯಾರನ್ನೂ ಕೇಳಲಿಲ್ಲ. ಚೀಲದಿಂದ ಸ್ಪ್ಯಾನರು ತೆಗೆದು, ನನ್ನ ಕುರ್ಚಿಯನ್ನೇ ಎಳೆದುಕೊಂಡು ಹತ್ತಿ, ಅರ್ಧ ಗಂಟೆಯಲ್ಲಿ ಸರಿ ಮಾಡಿದರು. ಕೆಲಸ ಮಾಡುತ್ತಲೇ ಮಾತಾಡುತ್ತಿದ್ದರು.

“ನಾನು ಹುಡುಗ ಆಗಿದ್ದಾಗ ನಮ್ಮೂರ ಫ್ಯಾಕ್ಟರಿಗೆ ಆಳು ತಗೊಂಡಾಗ ಗೇಟಿನ ಹತ್ರ ಬೋರ್ಡಿಗೆ ಎರಡು ಪಟ್ಟಿ ಅಂಟಿಸ್ತಿದ್ರಮ್ಮ. ಒಂದು ತಗೊಂಡೋರ್ದು, ಇನ್ನೊಂದು ತಗೊಳ್ದೆ ಇರೋರ್ದು. ನನ್ನ ಹೆಸರು ಎರಡು ಸಲ ಎರಡನೇ ಪಟ್ಟೀಲೇ ಇತ್ತು. ನಿಂತು ಓದ್ದೆ. ಮನೆಗೆ ಹೋಗಿ ಉಂಡು ಮಲಗ್ದೆ. ಮಾರನೇ ದಿನ ಒಂದು ಫೌಂಡ್ರಿಗೆ ಹೋಗಿ ಸೇರ್ಕೊಂಡೆ. ನಿಮ್ಮಲ್ಲಿ ಎರಡನೇ ಪಟ್ಟಿ ಇಲ್ವಾ?”

“ಇಲ್ಲ ಅನ್ನೋ ಹಾಗಿಲ್ಲ ಅಣ್ಣ” ಎಂದೆ ಮೆಲ್ಲಗೆ. ಸರ್ ಎನ್ನುವುದು ಆ ಹೊತ್ತಿಗೆ ಬಿಟ್ಟುಹೋಗಿತ್ತು.

“ಇಲ್ಲ ಅಂದ್ರೆ ನಾನೇನು ಸತ್ತೋಗ್ತೀನಾ? ಅದೂ ಒಂದು ಉತ್ತರಾನೇ ತಾನೆ. ಮನುಷ್ಯನ್ನ ಮೆಟ್ಟಿಲ ಮೇಲೆ ನಿಲ್ಲಿಸಿ, ಬಾ ಅನ್ನೋದೂ ಇಲ್ಲ, ಹೋಗು ಅನ್ನೋದೂ ಇಲ್ಲ. ಏನಮ್ಮ ಇದು?”

ಪ್ರಕಾಶ್ ಸರ್ ಹೊರಗೆ ಬಂದು ಶಟರನ್ನು ಎರಡು ಸಲ ಎಳೆದು ನೋಡಿದರು. ಸೂಪರ್ ದೊರೆಸ್ವಾಮಿ ಎಂದು ಬೆನ್ನು ತಟ್ಟಿದರು. ಮುಂದಿನ ವಾರ ಖಂಡಿತ ಎಂದು ಕಳಿಸಿದರು. ಅಂದಿನಿಂದ ನಾವು ಬಗ್ಗದೆ ಒಳಗೆ ಬರತೊಡಗಿದೆವು.

ಈಗ ಹೇಳಲೇಬೇಕಾದದ್ದನ್ನು ಹೇಳುತ್ತೇನೆ. ಅದಾಗಿ ಹತ್ತು ದಿನಕ್ಕೆ ಆ ಮಾಚೇನಹಳ್ಳಿಯ ಕಂಪನಿಯಿಂದ ಮೇಲ್ ಬಂತು, ಈ ವರ್ಷ ಯಾರನ್ನೂ ತೆಗೆದುಕೊಳ್ಳುವುದಿಲ್ಲ ಎಂದು. ಮೇಲನ್ನು ತೆರೆದು ಓದಿದವಳು ನಾನೇ. ಅದೇ ಮಧ್ಯಾಹ್ನ ದೊರೆಸ್ವಾಮಿಯವರ ಫೋನ್ ಬಂತು, ಅಂದು ಸೋಮವಾರವಾಗಿರಲಿಲ್ಲ.

“ಶೈಲಮ್ಮ, ಒಂದು ಮಾತು ಕೇಳ್ಬೇಕಿತ್ತು. ಇಲ್ಲೇ ಭದ್ರಾವತೀಲಿ ಒಂದು ಕಾಲೇಜಲ್ಲಿ ಕರೀತಿದಾರೆ. ಪಂಪು, ಜನರೇಟರ್ ನೋಡ್ಕೊಳ್ಳೋದು. ಸಂಬಳ ಕಮ್ಮಿ, ಆದ್ರೆ ಮನೆಗೆ ಹತ್ತೇ ನಿಮಿಷ. ನನ್ನ ಹೆಂಡತಿಗೆ ಕಣ್ಣು ಮಂಜಾಗ್ತಾ ಬಂದಿದೆ, ನಾನು ಹತ್ತಿರ ಇರ್ಬೇಕು. ನಾಳೆ ಸಂಜೆಯೊಳಗೆ ಹೇಳಿ ಅಂತಿದಾರೆ. ನಿಮ್ಮ ಕೆಲಸ ಗ್ಯಾರಂಟಿ ಇದ್ರೆ ಇದು ಬೇಡ ಅಂತೀನಿ, ಅದು ನನ್ನ ಲೈನಿನ ಕೆಲಸ. ಇಲ್ಲಾಂದ್ರೆ ಇಲ್ಲ ಅನ್ನು, ಬೇಜಾರಿಲ್ಲ.”

ಒಂದು ನಿಮಿಷ ಎಂದು ಫೋನನ್ನು ಅಂಗೈಯಿಂದ ಮುಚ್ಚಿ ಪ್ರಕಾಶ್ ಸರ್ ಅವರನ್ನು ಕೇಳಿದೆ. ಅವರು ಕಂಪ್ಯೂಟರಿನಿಂದ ಮುಖವನ್ನೂ ಎತ್ತಲಿಲ್ಲ. “ಬಿಡ್ಬೇಡ ಅವನ್ನ. ಬೇರೆ ಕಡೆ ಫಿಟ್ಟರ್ ಬೇಕು ಅಂದ್ರೆ ನಾಳೆ ಎಲ್ಲಿ ಹುಡುಕ್ತೀಯ?” ಎಂದರು. ತಪ್ಪನ್ನು ಅವರ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದು, ಎಷ್ಟೋ ದಿನ ಹಾಗೆಯೇ ಮಾಡಿದೆ. ಆದರೆ ಫೋನು ಇದ್ದದ್ದು ನನ್ನ ಕೈಯಲ್ಲಿ. “ಹೋಗ್ಬೇಡಿ ಅಣ್ಣ, ಪ್ರೊಸೆಸ್‌ನಲ್ಲಿದೆ, ಹೆಚ್ಚುಕಮ್ಮಿ ಆದ ಹಾಗೇ” ಎಂದವಳು ನಾನು.

“ನೀನು ಹೇಳಿದ್ಯಲ್ಲ, ಸಾಕು” ಎಂದರು.

ಆಮೇಲೆ ಪ್ರತಿ ಸೋಮವಾರ ಹನ್ನೊಂದು ಹತ್ತಿರವಾದಂತೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕುತ್ತಿದ್ದೆ. ಮೂರು ಸಲ ಎತ್ತಿದೆ, ನಾಲ್ಕನೆಯ ಸಲ ಎತ್ತಲಿಲ್ಲ. ಐದನೆಯ ವಾರ ಅವರ ನಂಬರನ್ನು ಬ್ಲಾಕ್ ಮಾಡಿದೆ. ನಮ್ಮನ್ನು ಬ್ಲಾಕ್ ಮಾಡುವವರನ್ನು ದಿನಾ ಬೈಯುತ್ತಿದ್ದ ನಾನು, ಶಟರು ಸರಿ ಮಾಡಿಕೊಟ್ಟವರನ್ನು ಬ್ಲಾಕ್ ಮಾಡಿದೆ. ಥೂ, ಈಗಲೂ ನೆನೆದರೆ ನಾಚಿಕೆಯಾಗುತ್ತದೆ. ಎರಡು ತಿಂಗಳು ಆ ಶಟರಿನ ಕೆಳಗೆ ನೆಟ್ಟಗೆ ನಡೆದು ಒಳಗೆ ಹೋಗಿ ಬಂದೆ. ಮೂರನೆಯ ತಿಂಗಳು ಆಗಲಿಲ್ಲ, ಕೆಲಸ ಬಿಟ್ಟೆ. ಮಾರನೆಯ ದಿನ ಭದ್ರಾವತಿಯ ಬಸ್ಸು ಹತ್ತಿದೆ.

ಓಲ್ಡ್ ಟೌನಿನಲ್ಲಿ ಫಿಟ್ಟರ್ ದೊರೆಸ್ವಾಮಿ ಎಂದರೆ ಯಾರಾದರೂ ತೋರಿಸುತ್ತಾರೆ. ರಸ್ತೆಗಿಂತ ಮೂರು ಮೆಟ್ಟಿಲು ಎತ್ತರದ ಮನೆ, ಮೆಟ್ಟಿಲ ಪಕ್ಕ ಹೊಸದಾಗಿ ಬೆಸುಗೆ ಹಾಕಿದ ಪೈಪಿನ ಹಿಡಿಕೆ. ಸೆಲ್ವಿಯವರು ಆ ಹಿಡಿಕೆ ಹಿಡಿದೇ ಬಾಗಿಲಿಗೆ ಬಂದರು. ನಾನು ಯಾರೆಂದು ಹೇಳುತ್ತಲೇ ಒಳಗೆ ತಿರುಗಿ, “ರೀ, ಕೆಲಸ ಕೊಡ್ಸೋ ಹುಡುಗಿ ಬಂದಿದಾಳೆ” ಎಂದು ಕೂಗಿದರು. ಆ ದನಿಯಲ್ಲಿದ್ದ ಸಂತೋಷ ಕೇಳಿ ನನಗೆ ಅಲ್ಲಿಂದಲೇ ಓಡಿಹೋಗೋಣ ಅನ್ನಿಸಿತು.

ಫೋನ್ ಬಂದರೆ ಎದ್ದು ನಿಲ್ಲುವ ಕಥೆಯನ್ನು ಸೆಲ್ವಿಯವರು ಹೇಳಿದ್ದು ಆಗಲೇ, ಕಾಫಿ ಲೋಟವನ್ನು ತಡವಿ ನನ್ನ ಕೈಗೆ ಕೊಡುತ್ತ. ಜೊತೆಗೆ ಗಂಡಹೆಂಡಿರಿಬ್ಬರಿಗೂ ಇದ್ದ ಒಂದೇ ಬಟನ್ ಫೋನನ್ನೂ ತೋರಿಸಿದರು. ಸೆಲ್ವಿಯವರ ಬೆರಳಿಗೆ ಗೊತ್ತಾಗಲಿ ಎಂದು ದೊರೆಸ್ವಾಮಿ ಅದರ ಹಸಿರು ಬಟನ್ನಿಗೆ ಅರದಿಂದ ಒಂದು ಸಣ್ಣ ಗೀರು ಹಾಕಿಕೊಟ್ಟಿದ್ದರು. “ಇವರು ಹೊರಗೆ ಹೋದಾಗ ನೀನು ಮಾಡಿದ್ರೆ ತಪ್ಪಿ ಹೋಗ್ಬಾರದಲ್ಲ, ಅದಕ್ಕೆ” ಎಂದರು. ನಾನು ಕಾಫಿ ಲೋಟವನ್ನು ಕೆಳಗಿಟ್ಟೆ.

ದೊರೆಸ್ವಾಮಿಯವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದು ನನ್ನೆದುರು ನಿಂತರು. “ಕೂತ್ಕೊಳ್ಳಿ ಅಣ್ಣ” ಎಂದೆ, ಕೂರಲಿಲ್ಲ. ನಾನು ಹೇಳಿದೆ. “ಆ ಕೆಲಸ ಇಲ್ಲ ಅಣ್ಣ.”

“ಸರಿ” ಎಂದರು. ಕೊನೆಯ ಗುಂಡಿಯನ್ನೂ ಹಾಕಿಕೊಂಡು, “ಯಾವಾಗ ಗೊತ್ತಾಯ್ತು ನಿಂಗೆ?”

“ನೀವು ಕಾಲೇಜಿನ ವಿಷಯ ಕೇಳಿದ್ರಲ್ಲ, ಅವತ್ತೇ ಗೊತ್ತಿತ್ತು.”

ಅವರು ಮೆಲ್ಲಗೆ ಹೊಸ್ತಿಲ ಮೇಲೆ ಕೂತರು. ಸೆಲ್ವಿಯವರು “ಏನಂತೆ? ಏನಂತೆ?” ಎಂದು ಕೇಳುತ್ತಲೇ ಇದ್ದರು. ಬೈದಿದ್ದರೆ ಚೆನ್ನಾಗಿತ್ತು, ಬೈಸಿಕೊಳ್ಳಲೆಂದೇ ಹೋಗಿದ್ದೆ. ನಾನು ಅತ್ತುಬಿಟ್ಟೆ. ಅವರು ಸಮಾಧಾನವನ್ನೂ ಹೇಳಲಿಲ್ಲ.

“ಕಾಲೇಜಲ್ಲಿ ಬೇರೆಯವನು ಸೇರ್ಕೊಂಡ” ಎಂದರು ಕೊನೆಗೆ. “ಅವತ್ತು ಒಂದು ಇಲ್ಲ ಅಂದಿದ್ರೆ ಮಧ್ಯಾಹ್ನ ಬಂದು ಇವಳ ಜೊತೆ ಊಟ ಮಾಡ್ಕೊಂಡು ಹೋಗ್ತಿದ್ದೆ. ಈಗ ಅಷ್ಟು ದೂರ ಹೊಸೂರಿಗೆ ಹೋಗ್ಬೇಕು, ಭಾಮೈದನ ಶೆಡ್ಡಲ್ಲಿ ಕೆಲಸಕ್ಕೆ.” ಆಮೇಲೆ ನನ್ನ ಮುಖ ನೋಡಿದರು. “ನನಗೇನೋ ಬಂದು ಹೇಳ್ದೆ. ನಿನ್ನ ಪಟ್ಟೀಲಿ ನಾನೊಬ್ಬನೇ ಇದ್ನಾ?”

ಅದೇ ನಮ್ಮ ಕೊನೆಯ ಭೇಟಿ.

ಈಗ ಒಂದು ಔಷಧಿ ಅಂಗಡಿಯಲ್ಲಿ ಬಿಲ್ ಬರೆಯುತ್ತೇನೆ. ಸ್ವಂತ ಫೋನಿಂದ ಕರೆ ಮಾಡಿಸಿದ್ದರಲ್ಲ, ಆ ನಂಬರುಗಳೆಲ್ಲ ನನ್ನಲ್ಲೇ ಉಳಿದಿದ್ದವು: ಮೋಹನ್ ವೆಲ್ಡರ್, ರೇಖಾ ಅಕೌಂಟ್ಸ್, ಡ್ರೈವರ್ ಸಾಗರ. ಸಂಜೆ ಹೊತ್ತು ಒಬ್ಬೊಬ್ಬರಿಗೇ ಮಾಡತೊಡಗಿದೆ. ಕೂತು ಮಾಡಲು ಮನಸ್ಸು ಬರಲಿಲ್ಲ, ಅಂಗಡಿಯ ಹಿಂದೆ ನಿಂತು ಮಾಡುತ್ತೇನೆ. ಹೆಸರು ಹೇಳಿ, ಆ ಕೆಲಸ ಇಲ್ಲ, ಆಗಲೇ ಹೇಳಬೇಕಿತ್ತು, ತಪ್ಪಾಯಿತು ಅನ್ನುತ್ತೇನೆ. ಕೆಲವರಿಗೆ ಯಾವ ಕೆಲಸ ಎಂಬುದೇ ಮರೆತಿತ್ತು. ಒಬ್ಬರು ಬಾಯಿಗೆ ಬಂದಂತೆ ಬೈದು ಇಟ್ಟರು. ರೇಖಾ ಎನ್ನುವಾಕೆ, “ನಾನಿನ್ನೂ ಕಾಯ್ತಾ ಇದ್ದೆ ಮೇಡಂ” ಎಂದಳು. ಅಂದು ಇನ್ನೊಂದು ನಂಬರ್ ಒತ್ತಲು ಆಗಲಿಲ್ಲ.

ಮುಂದಿನ ಸೋಮವಾರ ಧೈರ್ಯ ಮಾಡಿ ದೊರೆಸ್ವಾಮಿಯವರ ನಂಬರಿನ ಬ್ಲಾಕ್ ತೆಗೆದು ಕರೆ ಮಾಡಿದೆ. ಬಹಳ ಹೊತ್ತು ರಿಂಗಾಯಿತು. ಬೆರಳು ಆ ಗೀರನ್ನು ಹುಡುಕುತ್ತಿರಬೇಕು ಎಂದು ಕಾದೆ. ಸೆಲ್ವಿಯವರು ಎತ್ತಿದರು.

“ಅವರು ಹೊಸೂರಿಗೆ ಹೋಗಿ ತಿಂಗಳಾಯ್ತಮ್ಮ. ಅಲ್ಲಿ ಬೇರೆ ಫೋನು. ಇದು ನಂಗೆ ಅಭ್ಯಾಸ ಅಂತ ಇಲ್ಲೇ ಬಿಟ್ಟು ಹೋದ್ರು.”

“ನಿಮ್ಮ ಜೊತೆ ಯಾರಿದಾರೆ?”

“ಪಕ್ಕದ ಮನೆಯೋರು ಬಂದು ಹೋಗ್ತಾರೆ.” ಆಮೇಲೆ ಅವರೇ ಮಾತು ತಿರುಗಿಸಿದರು. “ನೀನು ಫೋನ್ ಮಾಡ್ತೀಯ ಅಂತ ಹೇಳಿದ್ರು. ಮಾಡಿದ್ರೆ ಕೇಳು ಅಂದಿದಾರೆ, ಎಷ್ಟು ಜನಕ್ಕೆ ಹೇಳಿದಾಳೆ ಅಂತ.”

“ಹನ್ನೆರಡು ಜನಕ್ಕೆ.”

“ಇನ್ನೂ ಇದಾರಾ?”

“ಇದಾರೆ ಅಕ್ಕ. ತುಂಬಾ ಜನ ಇದಾರೆ.”

“ಹಾಗಾದ್ರೆ ಇಡು” ಎಂದರು ಸೆಲ್ವಿ. “ನನ್ನ ಹತ್ರ ಏನು ಮಾತು? ಆ ಉಳಿದೋರಿಗೆ ಮಾಡು.”