ಹಗೇವಿನ ಬಾಯಲ್ಲಿಟ್ಟ ದೀಪ

ಚಿಕ್ಕರಸಿನಕೆರೆಯಲ್ಲಿ ನೆಲದೊಳಗೆ ರಾಗಿ ತುಂಬಿಟ್ಟ ಹಗೇವುಗಳಿಗೆ ಇಳಿಯುತ್ತಿದ್ದವನು ಒಬ್ಬನೇ ಒಬ್ಬ ಆಳು. ಹಗೇವಿನ ಬಾಯಿ ತೆಗೆದು, ಮೊದಲು ಹಗ್ಗ ಕಟ್ಟಿದ ದೀಪವನ್ನು ಇಳಿಸಿ, ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಒಳಗಿನ ಕೆಟ್ಟ ಗಾಳಿಗೆ ದೀಪ ಆರಿದರೆ, "ಮೊದ್ಲು ದೀಪ ಉಸ್ರಾಡ್ಲಿ ಬುಡಿ, ಆಮ್ಯಾಕೆ ನಾನು" ಎನ್ನುತ್ತಾ ಎಲೆಗೆ ಸುಣ್ಣ ಸವರುತ್ತಿದ್ದ. ಯಾರು ಬೈದರೂ ಏಳುತ್ತಿರಲಿಲ್ಲ.

ಅಕ್ಕಿಗೆ ರೇಷನ್ನಿದ್ದ ಯುದ್ಧದ ವರ್ಷ, ನನ್ನ ಮದುವೆಯೂಟಕ್ಕೂ ರಾಗಿಯೇ ಬೇಕಾಯಿತು. ಅವನು ದೀಪ ಹಚ್ಚಿದ್ದನ್ನು ಕಂಡು ಅವ್ವ ಅಡ್ಡ ಬಂದಳು. "ಮದ್ವೆ ಮನೇಲಿ ದೀಪ ಆರ್ಬಾರ್ದು ಕಣಪ್ಪ. ಅಂಗೇ ಇಳಿ."

ಅರಿಸಿನ ಹಚ್ಚಿಕೊಂಡು ನಿಂತಿದ್ದ ನನ್ನ ಮುಖವನ್ನು ಅವನು ನೋಡಿದ. "ಆಯ್ತು ಕಣವ್ವ, ಮಗೀಗೆ ಒಳ್ಳೇದಾಗ್ಲಿ" ಎಂದು ದೀಪವನ್ನು ಹಗೇವಿನ ಬಾಯಲ್ಲೇ ಇಟ್ಟು ಇಳಿದ. ಒಳಗಿಂದ ಒಂದು ಕೂಗೂ ಬರಲಿಲ್ಲ.

ಅವನ ಹೆಣವನ್ನು ಮೇಲೆತ್ತಿ ಮಲಗಿಸಿದಾಗಲೂ ಆ ದೀಪ ಉರಿಯುತ್ತಲೇ ಇತ್ತು.