ಕ್ಷೌರಿಕ ಚೆಸ್ಟರನ ನ್ಯಾಯ

ಮಿಲ್ವಾಕಿಯ ಕ್ಷೌರಿಕ ಚೆಸ್ಟರ್ ವೊಯ್ಚಿಕ್‌ನ ಕುರ್ಚಿಯಲ್ಲಿ ಕೂತವರು ಕತ್ತು ಬಗ್ಗಿಸಿ ಬೇಸ್‌ಬಾಲ್ ವೇಳಾಪಟ್ಟಿಯ ಅನ್ಯಾಯವನ್ನು ಕೇಳಲೇಬೇಕು. "ನಮಗೆ ಎದುರಾಳಿಗಳು ಬರೀ ಪೈಲ್ವಾನರು, ಚಿಕಾಗೊದೋರಿಗೆ ಬರೀ ಹಸುಗೂಸುಗಳು! ಆಮೇಲೆ ಗೆಲುವು ಎಣಿಸಿ ಕೊನೇ ಸುತ್ತಿನ ಪ್ಲೇಆಫ್ ಸೀಟು ಕೊಡ್ತಾರಂತೆ, ಥೂ!" ಸಿಟ್ಟು ಏರಿದಷ್ಟೂ ಕತ್ತರಿ ಚುರುಕಾಗಿ, ಲೀಗ್ ಮುಗಿಯಲು ಬಂದ ಸೆಪ್ಟೆಂಬರಿನಲ್ಲಿ ಬೀದಿಯ ಅರ್ಧ ಜನ ಬೋಳುತಲೆಯಲ್ಲೇ ಓಡಾಡುತ್ತಾರೆ, ಆದರೂ ಬೇರೆ ಅಂಗಡಿಗೆ ಯಾರೂ ಹೋಗುವುದಿಲ್ಲ. ಮಿಲ್ವಾಕಿ ತಂಡ ಸೋಲುತ್ತಿದ್ದರೆ ಊರವರೆಲ್ಲರಂತೆ ಅವನೂ ಅದೃಷ್ಟ ತಿರುಗಲೆಂದು ಟೋಪಿಯ ಒಳಮೈ ಹೊರಗೆ ಮಾಡಿ ತೊಡುತ್ತಾನೆ. ಈ ವರ್ಷ ಸುಲಭದ ಪಂದ್ಯಗಳೆಲ್ಲ ಮಿಲ್ವಾಕಿಗೇ ಬಿದ್ದವು, ಕಷ್ಟದವು ಚಿಕಾಗೊಗೆ. ಕೊನೆಯ ದಿನ ತಂಡ ಗೆದ್ದಿತು. ಇನ್ನು ಚಿಕಾಗೊ ಸೋತರೆ ಸೀಟು ನಮ್ಮದೇ ಎಂದು ಬೀದಿಯೆಲ್ಲ ಕುಣಿಯುತ್ತಿತ್ತು. ಚಿಕಾಗೊ ಸೋಲುತ್ತಲೂ ಇತ್ತು. ಚೆಸ್ಟರ್ ಮಾತ್ರ ಟೋಪಿಯ ಒಳಮೈ ಹೊರಗೆ ಮಾಡಿ ತೊಟ್ಟು, ಚಿಕಾಗೊ ಪಂದ್ಯ ನೋಡುತ್ತಾ ಟಿವಿ ಮುಂದೆ ಕೂತಿದ್ದ. "ನಮ್ಮೋರು ಗೆದ್ದಾಯ್ತಲ್ರೀ, ಇನ್ನೂ ಯಾಕೆ ಈ ಉಲ್ಟಾ ಟೋಪಿ?" ಎಂದಳು ಹೆಂಡತಿ ಲೊರೇನ್. "ಪೈಲ್ವಾನರೆಲ್ಲ ಈ ಸಲ ಚಿಕಾಗೊದೋರ ಪಾಲಿಗೆ ಬಿದ್ರಲ್ಲೇ," ಎಂದ, "ಇದು ಅವರಿಗೋಸ್ಕರ."